ಎಡಗಡೆಯ ಮುಂದಿನ ಟೈರು

ಆ ಟೈರು ನೆಲಕ್ಕೆ ಬಿದ್ದ ಸದ್ದಿಗೆ ಬೀದಿಯ ಆಚೆ ತುದಿಯ ಕ್ಷೌರದಂಗಡಿಯಲ್ಲಿ ಒಬ್ಬರ ಅರ್ಧ ಮೀಸೆ ಹಾರಿಹೋಯಿತು. ನಂಬದಿದ್ದರೆ ಬಿಡಿ. ಮೀಸೆ ಕಳೆದುಕೊಂಡವರು ಇವತ್ತಿಗೂ ಇದ್ದಾರೆ, ಆ ಮಾತೆತ್ತಿದರೆ ಹೊಡೆಯಲು ಬರುತ್ತಾರೆ.

"ಓದಿ ಇದನ್ನ," ಎಂದ ಟೈರಂಗಡಿಯ ಬಾಗಿಲಲ್ಲಿ ನಿಂತವನು.

ಗೇಜಕ್ಕ ವ್ಯಾನಿನ ಅಡಿಯಿಂದ ತಲೆ ಹೊರಹಾಕಿದಳು.

"ನಿಧಾನಕ್ಕೆ ಇಡಬಹುದಿತ್ತು. ಟೈರಿಗೆ ನೋವಾಗಲ್ಲ. ನನ್ನ ನೆಲಕ್ಕೆ ಆಗುತ್ತೆ."

"ನನ್ನ ಅಣ್ಣನಿಗೂ ನೋವಾಯ್ತು. ಅದಕ್ಕೇನು ಹೇಳ್ತೀರಿ?"

ಗೇಜಕ್ಕ ಅನ್ನುವುದು ಅವಳ ಹೆಸರಲ್ಲ. ಶಾಲೆಯ ಹಾಜರಿ ಪುಸ್ತಕದಲ್ಲಿದ್ದ ಹೆಸರನ್ನು ಗೆದ್ದಲು ತಿಂದು ತೇಗಿ ಎಷ್ಟೋ ವರ್ಷವಾಗಿತ್ತು. ಟೈರಿನ ಗೀರಿನ ಆಳ ಅಳೆಯುವ ಗೇಜನ್ನು ಬಡಗಿ ಪೆನ್ಸಿಲ್ ಸಿಕ್ಕಿಸಿಕೊಂಡಂತೆ ಕಿವಿಯ ಹಿಂದೆ ಸಿಕ್ಕಿಸಿಕೊಳ್ಳುತ್ತಿದ್ದುದರಿಂದ ಆ ಹೆಸರು ಬಂತು. ಆದರೆ ಅವಳಿಗೆ ಗೇಜು ಬೇಕಿರಲಿಲ್ಲ. ಟೈರಿನ ಮೇಲೆ ಅಂಗೈ ಸವರಿದರೆ ಸಾಕು, ಗಾಡಿ ಎಲ್ಲಿ ಗುಂಡಿಗೆ ಬಿತ್ತು, ಯಾವ ತಿರುವಿನಲ್ಲಿ ಡ್ರೈವರ್ ಹೆಂಡತಿಯ ಫೋನ್ ಎತ್ತಿದ ಎನ್ನುವುದೆಲ್ಲ ಅವಳಿಗೆ ತಿಳಿಯುತ್ತಿತ್ತು. ಹೆಂಡತಿ ಏನಂದಳು ಎನ್ನುವುದೊಂದು ತಿಳಿಯುತ್ತಿರಲಿಲ್ಲ, ನಾನು ಸುಳ್ಳು ಹೇಳುವವನಲ್ಲ.

"ಯಾರು ನಿಮ್ಮ ಅಣ್ಣ?"

"ಮೊಟ್ಟೆ ಗಾಡಿ ಓಡಿಸ್ತಿದ್ದ."

ಅವಳು ಸ್ಪ್ಯಾನರ್ ಕೆಳಗಿಟ್ಟು ವ್ಯಾನಿನ ಅಡಿಯಿಂದ ಹೊರಬಂದಳು.

ಮೊಟ್ಟೆಯಣ್ಣ... ಹನ್ನೊಂದು ವರ್ಷ ಕೋಳಿ ಫಾರಮ್ಮಿನಿಂದ ಪೇಟೆಗೆ ಪಿಕಪ್‌ನಲ್ಲಿ ಮೊಟ್ಟೆ ಸಾಗಿಸಿದ ಮನುಷ್ಯ. ಅಷ್ಟು ವರ್ಷದಲ್ಲಿ ಅವನ ಗಾಡಿಯಲ್ಲಿ ಒಡೆದದ್ದು ನಾಲ್ಕೇ ಮೊಟ್ಟೆ. ಅದರಲ್ಲೂ ಎರಡನ್ನು ಹಸಿವಾಗಿ ಅವನೇ ಒಡೆದುಕೊಂಡಿದ್ದ. ಅವನು ಬಂದರೆ ರಸ್ತೆಯ ಗುಂಡಿಗಳು ತಾವಾಗಿ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದವು. ಅಂಥವನ ಗಾಡಿ ಇಪ್ಪತ್ತೊಂದು ದಿನದ ಹಿಂದೆ, ಹಾಡಹಗಲು ಹನ್ನೊಂದು ಗಂಟೆಗೆ, ತೊಂಬತ್ತು ಟ್ರೇ ಮೊಟ್ಟೆಯ ಸಮೇತ ಸೇತುವೆಯ ಕಲ್ಲುಗೋಡೆಗೆ ನುಗ್ಗಿತು. ಅವನು ಅಲ್ಲೇ ತೀರಿಕೊಂಡ.

ಈ ಲೆಕ್ಕದಲ್ಲಿ ನಾನು ಒಂದು ಮೊಟ್ಟೆಯನ್ನೂ ಹೆಚ್ಚಿಗೆ ಸೇರಿಸಿಲ್ಲ.

"ನಿದ್ದೆ ಮಾಡ್ಬಿಟ್ಟ ಅಂತಾರೆ ಎಲ್ಲರೂ," ಎಂದ ಅವನು. "ಅತ್ತಿಗೆಗೆ ಕೇಳಿಸೋ ಹಾಗೇ ಅಂತಾರೆ. ನನ್ನಣ್ಣ ಗಾಡಿ ಹತ್ತಿದರೆ ರೆಪ್ಪೆ ಬಡಿಯೋಕೂ ಎರಡು ಸಲ ಯೋಚನೆ ಮಾಡೋನು. ಐದು ತಿಂಗಳ ಹಿಂದೆ ಗಾಡಿ ನಿಮ್ಮ ಹತ್ರ ಬಂದಿತ್ತು. ಚಕ್ರ ನೇರ ಮಾಡಿದ್ದು ನೀವು. ಟೈರ್ ಇನ್ನೂ ಓಡುತ್ತೆ ಅಂದಿದ್ದೂ ನೀವೇ."

"ಹೌದು. ಅಂದಿದ್ದೆ."

"ಹಾಗಾದ್ರೆ ಎಡಗಡೆಯ ಮುಂದಿನ ಟೈರ್ ಯಾಕೆ ಒಡೀತು? ಯಾರ ತಪ್ಪು? ಅಣ್ಣನದಾದ್ರೆ ಅಣ್ಣನದು ಅನ್ನಿ, ತಡ್ಕೊಳ್ತೀನಿ. ನಿಮ್ಮದಾದ್ರೆ..."

"ನನ್ನದಾದ್ರೆ?"

"ಅದನ್ನ ಆಮೇಲೆ ನೋಡ್ತೀನಿ. ಯಾರದೂ ತಪ್ಪಲ್ಲ, ಹಣೆಬರಹ ಅಂತ ಮಾತ್ರ ಹೇಳ್ಬೇಡಿ. ಅದನ್ನ ಕೇಳಿ ಕೇಳಿ ಕಿವಿ ಕೊಳೆತು ಹೋಗಿದೆ."

ಅವನ ಮುಂಗೈ ತುಂಬ ಕಿಡಿ ಸುಟ್ಟ ಚುಕ್ಕೆಗಳು. ವೆಲ್ಡರ್ ಎಂದು ಕೇಳದೆಯೇ ಗೊತ್ತಾಗುತ್ತಿತ್ತು. ಕಣ್ಣು ಮಾತ್ರ ಯಾವ ಕಿಡಿಯೂ ಇಲ್ಲದ ಬೂದಿ.

ಮೂಲೆಯ ಕುರ್ಚಿಯಿಂದ ಅವಳ ಅಪ್ಪ ಕೂಗಿದರು. ಎಷ್ಟೋ ಹಿಂದೆ ಟ್ರಕ್ ಟೈರೊಂದು ಪಕ್ಕದಲ್ಲೇ ಸಿಡಿದು ಅವರ ಒಂದು ಕಿವಿ ಹೋಗಿತ್ತು. ಅಂದಿನಿಂದ ಜಗತ್ತೆಲ್ಲ ಕಿವುಡು ಎಂದು ತಿಳಿದು ಮಾತಾಡುತ್ತಿದ್ದರು.

"ಏನಂತೆ ಅವನಿಗೆ? ಪಂಕ್ಚರಾ?"

"ಅಲ್ಲಪ್ಪ."

"ಮತ್ತೆ ಯಾಕೆ ಗಾಳಿ ಹೋದವನ ಹಾಗೆ ನಿಂತಿದಾನೆ?"

ಗೇಜಕ್ಕ ಮಂಡಿಯೂರಿ ಟೈರನ್ನು ತನ್ನೆಡೆಗೆ ಎಳೆದುಕೊಂಡಳು. ಮಣ್ಣು, ಹುಲ್ಲಿನ ಚೂರು, ಒಣಗಿ ಹಕ್ಕಳೆಗಟ್ಟಿದ ಮೊಟ್ಟೆಯ ಹಳದಿ. ರಬ್ಬರಿನ ಹೊರ ಅಂಚಿನಲ್ಲಿ ಗೀರುಗಳು ಆಳವಾಗಿ, ಚೆನ್ನಾಗಿ ಉಳಿದಿದ್ದವು. ಒಳ ಅಂಚು ಬೋಳಾಗಿ, ತಂತಿ ಹೊರಬಂದು, ಅಲ್ಲಿಂದಲೇ ಹರಿದುಹೋಗಿತ್ತು. ಒಂದೇ ಟೈರಿನಲ್ಲಿ ಒಂದು ಕಡೆ ಹಸುಗೂಸು, ಇನ್ನೊಂದು ಕಡೆ ಮುದುಕ.

'ಒಳ ಅಂಚಾ? ಐದು ತಿಂಗಳ ಹಿಂದೆ ಸವೆದಿದ್ದು ಹೊರ ಅಂಚು. ಅದನ್ನೇ ಸರಿ ಮಾಡೋಕೆ ಹೋಗಿ ನಾನು...'

ಮುಂದಿನ ಎರಡು ಚಕ್ರಗಳನ್ನು ಜೋಡಿಸುವ ರಾಡೊಂದಿರುತ್ತದೆ. ಅದನ್ನು ತಿರುಗಿಸಿದರೆ ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ಹೊರಳುತ್ತದೆ. ಮೂತಿ ಒಳಕ್ಕಿದ್ದರೆ ಟೈರಿನ ಹೊರ ಅಂಚು ಸವೆಯುತ್ತದೆ, ಹೊರಕ್ಕಿದ್ದರೆ ಒಳ ಅಂಚು. ಮೊಟ್ಟೆಯಣ್ಣನ ಚಕ್ರಗಳ ಮೂತಿ ಆಗ ಒಳಕ್ಕಿತ್ತು. ಅವಳು ಹೊರಕ್ಕೆ ಹೊರಳಿಸಿದ್ದಳು. ಹೆಚ್ಚಾಗಿ ಹೊರಳಿಸಿಬಿಟ್ಟಿದ್ದರೆ?

ಅವಳು ಅಂಗೈಯನ್ನು ಟೈರಿನಿಂದ ಹಿಂದಕ್ಕೆಳೆದುಕೊಂಡಳು.

"ಟೈರ್ ಹೇಳೋದು ಅರ್ಧ ಮಾತು," ಎಂದಳು. "ಉಳಿದರ್ಧ ಗಾಡಿ ಹೇಳ್ಬೇಕು. ಗಾಡಿ ತನ್ನಿ."

"ಗಾಡಿ ಅಂತ ಏನೂ ಉಳಿದಿಲ್ಲ."

"ಉಳಿದಷ್ಟನ್ನ ತನ್ನಿ."

* * *

ಉಳಿದಷ್ಟು ಮರುದಿನ ಬಂತು. ಎಳೆದು ತಂದವನು ಅಂಗಡಿಯ ಹಿಂದಿನ ತಗಡಿನ ಚಪ್ಪರದ ಕೆಳಗೆ ಅದನ್ನಿಳಿಸಿ, ಹಿಂದಿರುಗಿ ನೋಡದೆ ಹೋದ. ಆ ವಾಸನೆಗೆ ಮೂರು ಬೀದಿಯ ಬೆಕ್ಕುಗಳು ಊರು ಬಿಟ್ಟವು.

ವೆಲ್ಡರ್ ಎಂಟು ದಿನದ ರಜೆ ಹಾಕಿದ್ದ. ಬೇರೆ ಊರಿನಲ್ಲಿ ಗೇಟು, ಗ್ರಿಲ್ಲು ಮಾಡುವ ಕೆಲಸ ಅವನದು. ದಿನಾ ಮಧ್ಯಾಹ್ನ ಬರುತ್ತಿದ್ದ. ಅವನು ನಜ್ಜುಗುಜ್ಜಾದ ತಗಡನ್ನು ಕತ್ತರಿಸಿ ತೆಗೆಯುವನು, ಅವಳು ಆ ಸಂದಿನಲ್ಲಿ ತೂರಿ ಒಂದೊಂದೇ ಭಾಗವನ್ನು ಅಲ್ಲಾಡಿಸಿ, ಬೆರಳಿನಿಂದ ತಡವಿ ನೋಡುವಳು.

"ಸ್ಪ್ರಿಂಗ್ ಸರಿಯಿದೆ."

"ಅಂದ್ರೆ ಅದರ ತಪ್ಪಲ್ಲ."

"ಬೇರಿಂಗೂ ಸರಿಯಿದೆ."

"ಅಂದ್ರೆ ಅದರದೂ ಅಲ್ಲ." ಅವನು ತಗಡಿನ ಚೂರನ್ನು ಪಕ್ಕಕ್ಕೆಸೆದ. "ಈ ಗಾಡಿಯಲ್ಲಿ ಎಲ್ಲರೂ ಸಾಚಾಗಳೇ ಇದಾರಲ್ಲ."

ಅವಳಿಗೆ ನಗು ಬಂತು. ಬಂದದ್ದಕ್ಕೆ ನಾಚಿಕೆಯಾಯಿತು. ಅವನೂ ನಕ್ಕಿದ್ದ, ಅವನಿಗೂ ನಾಚಿಕೆಯಾಗಿತ್ತು. ಇಬ್ಬರೂ ಒಂದೇ ಹೊತ್ತಿಗೆ ತಲೆ ತಗ್ಗಿಸಿಕೊಂಡದ್ದರಿಂದ ಯಾರೂ ಯಾರನ್ನೂ ನೋಡಲಿಲ್ಲ. ನಾನು ನೋಡಿದೆ.

ಅವಳು ಅವನಿಗೆ ಟೈರು ಓದುವುದನ್ನು ಕಲಿಸಿದಳು. ಬೇರೊಂದು ಹಳೆಯ ಟೈರಿನ ಮೇಲೆ ಅವನ ಕೈಯಿಟ್ಟು, ಒಳಗಿನಿಂದ ಹೊರಕ್ಕೆ ಸವರಿಸಿದಳು. ನುಣುಪು. ಹೊರಗಿನಿಂದ ಒಳಕ್ಕೆ ಸವರಿಸಿದಳು. ಗರಗಸದ ಹಲ್ಲು.

"ಚಕ್ರ ಓರೆಯಾಗಿ ಎಳಕೊಂಡು ಹೋದರೆ ಹೀಗಾಗುತ್ತೆ. ಕಣ್ಣಿಗೆ ಕಾಣಲ್ಲ, ಕೈಗೆ ಗೊತ್ತಾಗುತ್ತೆ."

"ಮನುಷ್ಯರದೂ ಹೀಗೆ ಗೊತ್ತಾಗುತ್ತಾ?"

"ಗೊತ್ತಿಲ್ಲ. ಮನುಷ್ಯರನ್ನ ಯಾರು ಸವರೋಕೆ ಬಿಡ್ತಾರೆ?"

ಮಾತು ಬಾಯಿಂದ ಜಾರಿದ ಮೇಲೆ ಅದರ ಅರ್ಥ ಹೊಳೆದು ಅವಳ ಕಿವಿ ಸುಟ್ಟಿತು. ಆ ಕಿವಿಯ ಕಾವಿಗೆ ಅಲ್ಲಿ ಸಿಕ್ಕಿಸಿದ್ದ ಗೇಜು ಕರಗಲಿಲ್ಲವೆಂಬುದೇ ಸೋಜಿಗ. ಅವನ ಕೈ ಇನ್ನೂ ಅವಳ ಕೈಯ ಕೆಳಗೇ ಇತ್ತು.

ಐದನೆಯ ದಿನ ಡ್ರೈವರ್ ಸೀಟನ್ನು ಕತ್ತರಿಸಿ ತೆಗೆದಾಗ ಅದರ ಹಿಂದೆ ಒಂದು ಟ್ರೇ ಸಿಕ್ಕಿತು. ಮೂವತ್ತು ಮೊಟ್ಟೆ. ಒಂದೂ ಒಡೆದಿರಲಿಲ್ಲ. ಕಬ್ಬಿಣದ ಗಾಡಿ ಕಾಗದದ ಹಾಗೆ ಮುದುಡಿತ್ತು, ಸೀಟಿಗೂ ಗೋಡೆಗೂ ನಡುವೆ ಮೂವತ್ತು ಮೊಟ್ಟೆ ಬೆಳ್ಳಗೆ ಕೂತಿದ್ದವು. ಇದನ್ನು ನಾನು ಉಬ್ಬಿಸಿ ಹೇಳುತ್ತಿದ್ದೇನೆ ಎಂದುಕೊಳ್ಳುತ್ತೀರಿ. ಉಬ್ಬಿಸುವುದು ನನ್ನ ಚಟ, ಆದರೆ ಇದು ಹೀಗೇ ನಡೆದದ್ದು.

ವೆಲ್ಡರ್ ಟ್ರೇ ಹಿಡಿದು ನಿಂತ.

"ಮನೆಗೆ ಕೊಡೋಕೆ ಇಟ್ಟಿರ್ತಾನೆ," ಎಂದ. "ಅತ್ತಿಗೆಗೆ. ಅವಳಿಗೆ ಕೊಡೋದನ್ನ ಹಿಂದಿನ ಲೋಡಿಗೆ ಹಾಕ್ತಿರಲಿಲ್ಲ. ಯಾವಾಗಲೂ ತನ್ನ ಬೆನ್ನಿಗೇ ಇಟ್ಕೋತಿದ್ದ." ಅವನು ಒಂದು ಮೊಟ್ಟೆಯನ್ನು ಬೆರಳಿಂದ ಮುಟ್ಟಿದ. "ಇವು ಕೊಳೆತಿರ್ತವೆ ಅಲ್ವಾ?"

"ಕೊಳೆತಿರ್ತವೆ."

"ಒಡೀಬಾರದು."

"ಇಲ್ಲ, ಒಡೆಯೋದು ಬೇಡ."

ಇಬ್ಬರೂ ಟ್ರೇಯ ಎರಡು ತುದಿ ಹಿಡಿದು, ತುಂಬಿದ ಪಾತ್ರೆ ಸಾಗಿಸುವವರಂತೆ ಹೆಜ್ಜೆಗೆ ಹೆಜ್ಜೆ ಹೊಂದಿಸಿ ನಡೆದರು. ಚಪ್ಪರದ ಹಿಂದಿನ ಖಾಲಿ ಜಾಗದಲ್ಲಿ ಗುಂಡಿ ತೋಡಿ ಒಂದೊಂದನ್ನೇ ಇಳಿಸಿದರು. ಮೂವತ್ತನೆಯದನ್ನು ಇಟ್ಟಾಗ ಅವನು ಅತ್ತ. ಇಪ್ಪತ್ತೈದು ದಿನದಿಂದ ಅಳದವನು ಬಗ್ಗಿದಲ್ಲೇ, ಸದ್ದಿಲ್ಲದೆ, ಬೆನ್ನಿನಿಂದ ಅತ್ತ. ಅವಳು ಆ ಬೆನ್ನ ಮೇಲೆ ಅಂಗೈ ಇಟ್ಟಳು.

ಆ ಅಂಗೈಗೆ ಟೈರಿನ ಭಾಷೆ ಮಾತ್ರ ಬರುತ್ತದೆ ಎಂದು ಅವಳು ತಿಳಿದಿದ್ದು ತಪ್ಪಾಗಿತ್ತು.

"ಥ್ಯಾಂಕ್ಸ್, ಗೇಜು," ಎಂದ ಅವನು ಮುಖ ಒರೆಸಿಕೊಳ್ಳುತ್ತ. ಊರೆಲ್ಲ ಅಕ್ಕ ಎನ್ನುವಾಗ ಅವನೊಬ್ಬ ಅದನ್ನು ನುಂಗಿಕೊಂಡ. ಅವಳು ತಿದ್ದಲಿಲ್ಲ.

* * *

ಆರನೆಯ ದಿನ ಅವಳು ಆ ರಾಡಿನ ಹತ್ತಿರ ತಲುಪಿದಳು.

ಕೆಲಸ ಮುಗಿದ ಮೇಲೆ ರಾಡಿನ ತುದಿಯಲ್ಲಿ ನಟ್‌ನ ಹೊರಗೆ ಎಷ್ಟು ಥ್ರೆಡ್, ಅಂದರೆ ತಿರುಪಿನ ಸುತ್ತು, ಕಾಣುತ್ತವೆಂದು ಎಣಿಸಿ ಪುಸ್ತಕದಲ್ಲಿ ಬರೆದಿಡುವುದು ಅವಳ ಪದ್ಧತಿ. ಮೊಟ್ಟೆಯಣ್ಣನ ಪುಟದಲ್ಲಿ ಒಂಬತ್ತು ಎಂದಿತ್ತು. ಅವಳು ಬೆಳಗಿನ ಹೊತ್ತು ಒಬ್ಬಳೇ ಅಡಿಗೆ ತೂರಿ, ಉಗುರಿನಿಂದ ಎಣಿಸಿದಳು. ಒಂಬತ್ತು. ಮತ್ತೆ ಎಣಿಸಿದಳು. ಒಂಬತ್ತೇ. ನಟ್ ಕದಲಿರಲಿಲ್ಲ, ರಾಡ್ ಬಗ್ಗಿರಲಿಲ್ಲ. ಅವಳು ಇಟ್ಟ ಅಳತೆ ಸರಿಯಾಗಿಯೇ ಇತ್ತು.

ಎದೆಯ ಮೇಲಿನಿಂದ ಲಾರಿಯೊಂದು ಇಳಿದು ಹೋದಂತಾಯಿತು.

'ನಾನಲ್ಲ... ದೇವರೇ, ನಾನಲ್ಲ. ಆದರೆ ಮತ್ತೆ ಒಳ ಅಂಚು ಸವೆದಿದ್ದು ಯಾಕೆ?'

ಹಗುರಾದ ಕೈಯಿಂದ ಅವಳು ಟೈರನ್ನು ಎಳೆದು ತಂದು ನಲ್ಲಿಯ ಕೆಳಗಿಟ್ಟು ತೊಳೆದಳು. ಮಣ್ಣು ಹೋಯಿತು. ಮೊಟ್ಟೆಯ ಹಳದಿ ಹೋಯಿತು. ಒಂದೇ ಒಂದು ಹಳದಿ ಮಾತ್ರ ಹೋಗಲಿಲ್ಲ. ಬೋಳಾದ ಅಂಚಿನ ಪಕ್ಕದಲ್ಲಿ, ಟೈರಿನ ಒಳಮಗ್ಗುಲಿನಲ್ಲಿ, ಬೊಟ್ಟಿನಗಲದ ಬಣ್ಣದ ಚುಕ್ಕೆ.

ಅದು ಅವಳು ಇಟ್ಟದ್ದೇ.

ಅಂಚು ಸವೆದ ಟೈರನ್ನು ವಾಪಸ್ ಕಳಿಸುವಾಗ, ಸವೆದ ಅಂಚಿನ ಪಕ್ಕದಲ್ಲಿ, ಹೊರಗಡೆ, ಡ್ರೈವರ್ ಕಣ್ಣಿಗೆ ಬೀಳುವಂತೆ ಅವಳು ಹಳದಿ ಚುಕ್ಕೆ ಇಡುತ್ತಿದ್ದಳು. ಮೊಟ್ಟೆಯಣ್ಣನಿಗೂ ಹೇಳಿದ್ದಳು. "ದಿನಾ ಬೆಳಿಗ್ಗೆ ಇಲ್ಲಿ ನೋಡು ಅಣ್ಣ. ಚುಕ್ಕೆಯ ಪಕ್ಕದ ಗೀರು ಮಾಯವಾದ ದಿನ ಟೈರ್ ಬಿಚ್ಚಿಬಿಡು." ಅವನು ನಗುತ್ತ ಹೂಂ ಅಂದಿದ್ದ.

ಹೊರಗಿಟ್ಟ ಚುಕ್ಕೆ ಒಳಗೆ ಹೋಗಿದೆ ಎಂದರೆ ಯಾರೋ ಟೈರನ್ನು ಬಿಚ್ಚಿ, ಮಗ್ಗುಲು ತಿರುಗಿಸಿ ಹಾಕಿದ್ದಾರೆ. ಸವೆದದ್ದು ಗಾಡಿಯ ಹೊಟ್ಟೆಯ ಕಡೆ ಹೋಯಿತು. ಚೆನ್ನಾಗಿದ್ದದ್ದು ಕಣ್ಣಿನ ಕಡೆ ಬಂತು. ಮೊಟ್ಟೆಯಣ್ಣ ದಿನಾ ಬೆಳಿಗ್ಗೆ ನೋಡಿದ, ಅಂಚು ಚೆನ್ನಾಗಿತ್ತು. ಕೊನೆಯ ದಿನದ ಬೆಳಿಗ್ಗೆಯೂ ಚೆನ್ನಾಗಿತ್ತು.

ಮಧ್ಯಾಹ್ನ ವೆಲ್ಡರ್ ಬಂದಾಗ ಅವಳಿಗೆ ತಡೆಯಲಾಗಲಿಲ್ಲ. ಯಾವುದೋ ಪಂಕ್ಚರ್ ಅಂಗಡಿಯವನ ಹೆಸರು ಸಿಗುತ್ತದೆಂದೇ ಅವಳು ಕೇಳಿದ್ದು.

"ಇಲ್ಲಿಂದ ಹೋದಮೇಲೆ ಈ ಟೈರನ್ನ ಯಾರಾದ್ರೂ ಬಿಚ್ಚಿದ್ರಾ?"

ಅವನ ಬೂದಿಯಂಥ ಕಣ್ಣಿನಲ್ಲಿ ಮೊದಲ ಸಲ ಒಂದು ಬೆಳಕು ಕಂಡಿತು.

"ನಾನೇ ಬಿಚ್ಚಿದ್ದೆ."

ಅವಳು ನಲ್ಲಿಯ ಪಕ್ಕದಲ್ಲಿದ್ದ ಟೈರಿನ ಕಡೆ ತಿರುಗಿದಳು.

"ಮೂರು ತಿಂಗಳ ಹಿಂದೆ ಮನೆಗೆ ಬಂದಿದ್ದೆ. ಅಣ್ಣ ದಿನಾ ಕುಕ್ಕರಗಾಲಲ್ಲಿ ಕೂತು ಆ ಅಂಚನ್ನೇ ನೋಡಿ ಚಿಂತೆ ಮಾಡೋನು. ಒಂದು ದಿನ ಅವನು ಊಟ ಮಾಡಿ ಮಲಗಿದ್ದಾಗ ನಾನೇ ಲಿವರ್ ಹಾಕಿ ರಿಮ್ಮಿಂದ ಬಿಚ್ಚಿ, ಮಗ್ಗುಲು ತಿರುಗಿಸಿ ಹಾಕಿದೆ. ಹೊರ ಅಂಚನ್ನೇ ತಿನ್ನೋ ಗಾಡಿ ತಾನೆ, ಸವೆದಿದ್ದು ಒಳಗೆ ಹೋಗಿ ಸ್ವಲ್ಪ ಸುಧಾರಿಸಿಕೊಳ್ಳಲಿ ಅಂತ. ಎದ್ದು ನೋಡಿ ಎಷ್ಟು ಖುಷಿಪಟ್ಟ ಗೊತ್ತಾ? ಅತ್ತಿಗೆ ಒಳ ಅಂಚನ್ನೂ ಒಂದು ಸಲ ನೋಡ್ಕೊಳ್ಳಿ ಅಂದ್ರೆ, ನನ್ನ ತಮ್ಮ ಮಾಡಿದ ಕೆಲಸಾನ ನಾನು ಬಗ್ಗಿ ನೋಡೋದಾ ಅಂದ." ಅವನು ಮುಗುಳ್ನಕ್ಕ. "ನನ್ನ ಓದಿಸಿದ್ದು ಅವನು, ಕೆಲಸಕ್ಕೆ ಸೇರಿಸಿದ್ದು ಅವನು. ಹಿಂದಕ್ಕೆ ನಾನು ಅವನಿಗೆ ಮಾಡಿದ್ದು ಅದೊಂದೇ."

ತಗಡಿನ ಚಪ್ಪರದ ಕೆಳಗೆ ಗಾಳಿ ನಿಂತುಹೋಯಿತು.

"ಯಾಕೆ ಕೇಳಿದ್ರಿ? ಅದಕ್ಕೂ ಇದಕ್ಕೂ ಏನಾದ್ರೂ ಸಂಬಂಧ ಇದೆಯಾ?"

ಅವಳು ಅವನ ಕೈ ನೋಡಿದಳು. ಮೂವತ್ತು ಮೊಟ್ಟೆಗಳನ್ನು ಒಂದೂ ತಾಗದಂತೆ ಮಣ್ಣಿಗಿಳಿಸಿದ ಕೈ. ಅವಳು ಒಂದು ಮಾತು ಹೇಳಿದರೆ ನಾಳೆಯಿಂದ ಅವನು ಆ ಕೈಯಿಂದ ಅನ್ನ ಕಲಸಲಾರ. ಗ್ಯಾಸ್ ಕಟರ್ ಹಿಡಿಯುವ ಕೈ ಅದು, ಯಾವ ಕಡೆಗೆ ತಿರುಗಬಹುದೆಂದು ಯಾರು ಕಂಡರು...

"ಇಲ್ಲ," ಎಂದಳು.

"ಮತ್ತೆ ಒಳ ಅಂಚು ಯಾಕೆ ಬೋಳಾಯ್ತು?"

"ನಾನು ರಾಡ್ ಜಾಸ್ತಿ ತಿರುಗಿಸಿದ್ದೆ. ಎರಡು ಥ್ರೆಡ್. ಬೆಳಿಗ್ಗೆ ಎಣಿಸಿ ನೋಡಿದೆ."

"ಎರಡು ಥ್ರೆಡ್."

"ಹೂಂ."

"ಅಂದ್ರೆ... ನೀವೇ."

"ನಾನೇ. ನಿಮ್ಮಣ್ಣ ನಿದ್ದೆ ಮಾಡಿರಲಿಲ್ಲ. ಮನೇಲಿ ಹೇಳಿ."

ಅವನು ಬೈಯುತ್ತಾನೆ ಎಂದುಕೊಂಡಿದ್ದಳು, ಬೈಯಲಿಲ್ಲ. ಟೈರನ್ನು ಎತ್ತಿ ಹೆಗಲಿಗೆ ಹಾಕಿಕೊಂಡ. ಬಾಗಿಲಿನ ತನಕ ಹೋಗಿ ನಿಂತ.

"ಅವತ್ತು ನನ್ನ ಬೆನ್ನ ಮೇಲೆ ಕೈ ಇಟ್ರಲ್ಲ," ಎಂದ. "ಅದನ್ನ ಹೇಗೆ ತೊಳ್ಕೊಳ್ಳಲಿ?"

ಅವನು ಹೋದ ಮೇಲೆ ಅವಳು ಪುಸ್ತಕ ತೆಗೆದು ಒಂಬತ್ತು ಎಂದಿದ್ದ ಪುಟವನ್ನು ಹರಿದು ನುಂಗಿದಳು ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಅವಳು ಪುಸ್ತಕ ಮುಚ್ಚಿಟ್ಟಳು, ಅಷ್ಟೇ. ಆಮೇಲೆ ವ್ಯಾನೊಂದರ ಅಡಿಗೆ ಹೋಗಿ ಸಂಜೆಯವರೆಗೂ ಹೊರಗೆ ಬರಲಿಲ್ಲ. ಆ ವ್ಯಾನಿಗೆ ಯಾವ ರಿಪೇರಿಯೂ ಇರಲಿಲ್ಲ.

* * *

ಮಾತು ಹರಡಿತು. ಗೇಜಕ್ಕನ ಕೈ ಕೆಟ್ಟಿದೆಯಂತೆ. ಮೊಟ್ಟೆಯಣ್ಣನನ್ನು ಅವಳೇ ಕೊಂದಳಂತೆ. ಬರುತ್ತಿದ್ದ ಗಾಡಿಗಳಲ್ಲಿ ಅರ್ಧ ನಿಂತವು. ಹಾಲಿನ ವ್ಯಾನಿನವನು, ಇನ್ನಿಬ್ಬರು ಹಳಬರು ಮಾತ್ರ ಬರುತ್ತಿದ್ದರು. ಉಳಿದವರು ಎದುರಿಗೆ ಸಿಕ್ಕರೆ ಮೊಬೈಲಿನಲ್ಲಿ ಏನೋ ಮಹತ್ವದ್ದನ್ನು ಓದುತ್ತ ಸರಿದುಹೋಗುತ್ತಿದ್ದರು.

ಅಪ್ಪ ಹತ್ತು ದಿನ ಸುಮ್ಮನಿದ್ದರು. ಅವರ ಮಟ್ಟಿಗೆ ಅದು ಹತ್ತು ವರ್ಷ. ಹನ್ನೊಂದನೆಯ ದಿನ, ಕಿವಿ ಹೋದ ಮೇಲೆ ಮೊದಲ ಬಾರಿಗೆ, ಮೆಲ್ಲಗೆ ಮಾತಾಡಿದರು.

"ನಾನೂ ಆ ಗಾಡಿ ಅಡಿಗೆ ಹೋಗಿದ್ದೆ ಮಗಳೇ. ಎಣಿಸಿದೆ. ಒಂಬತ್ತಿದೆ."

"ನಿನ್ನ ಕಣ್ಣು ಸರಿಯಿಲ್ಲಪ್ಪ."

"ಹೋಗಿದ್ದು ಕಿವಿ. ಕಣ್ಣಲ್ಲ." ಅವರು ಅವಳ ತಲೆ ನೇವರಿಸಿದರು. "ನಿನ್ನ ಕೈ ತಪ್ಪು ಮಾಡಿಲ್ಲ, ಬಾಯಿ ಮಾಡಿದೆ. ಅವನು ಅಷ್ಟು ಬೇಕಾದವನಾ?"

ಅವಳು ಸ್ಪ್ಯಾನರ್ ಹಿಡಿದು ಹಾಲಿನ ವ್ಯಾನಿನ ಅಡಿಗೆ ತೂರಿದಳು. ಅವರು ಮತ್ತೆ ಕೇಳಲಿಲ್ಲ.

ಅವಳ ನಿದ್ದೆಯನ್ನು ನಿಜವಾಗಿ ಕೆಡಿಸಿದ್ದು ಆ ಸುಳ್ಳಲ್ಲ. ಟೈರುಗಳನ್ನು ಮಾಡುವ ಕಂಪನಿಯವರೂ ಹೊಸ ಟೈರಿನ ಮಗ್ಗುಲಿಗೆ ಹಳದಿ ಚುಕ್ಕೆ ಇಡುತ್ತಾರೆ. ಅದು ಅವರ ಗುರುತು, ಅದಕ್ಕೂ ಸವೆತಕ್ಕೂ ಸಂಬಂಧವಿಲ್ಲ. ಟೈರು ಬಿಚ್ಚಿದ ಯಾರಿಗಾದರೂ ಅವಳ ಚುಕ್ಕೆ ಅದೇ ಎನಿಸಬಹುದು. ಇಷ್ಟು ವರ್ಷ ಹಳದಿಯನ್ನೇ ಇಡುತ್ತ ಬಂದವಳಿಗೆ ಅದು ಹೊಳೆದೇ ಇರಲಿಲ್ಲ. ಹಳದಿ ಡಬ್ಬವನ್ನು ಎಸೆದು ಬಿಳಿ ಬಣ್ಣ ತಂದಳು. ಚುಕ್ಕೆ ಬಿಟ್ಟು, ಬೆರಳುದ್ದದ ಅಡ್ಡಗೆರೆ ಎಳೆಯತೊಡಗಿದಳು. ಟೈರಿನ ಎರಡೂ ಮಗ್ಗುಲಿಗೆ.

ದಿನಗಳು ಹೋದವು. ವೆಲ್ಡರ್ ಹಳೆಯ ಕೆಲಸ ಬಿಟ್ಟನೆಂದೂ, ಚಪ್ಪರದಿಂದ ಎಳೆಸಿಕೊಂಡು ಹೋದ ಅಣ್ಣನ ಪಿಕಪ್‌ಗೆ ಹೊಸ ಮೂತಿ ಕೂಡಿಸಿ ತಾನೇ ಮೊಟ್ಟೆ ಸಾಗಿಸುತ್ತಿದ್ದಾನೆಂದೂ, ಅತ್ತಿಗೆಯ ಮನೆ ಅದರಿಂದಲೇ ನಡೆಯುತ್ತಿದೆಯೆಂದೂ ಸುದ್ದಿ ಬಂತು. ಆ ಗಾಡಿ ಅವಳ ಬೀದಿಗೆ ಬರುತ್ತಿರಲಿಲ್ಲ. ಅರ್ಧ ಮೈಲಿ ಸುತ್ತಿ ಹೋಗುತ್ತಿತ್ತು.

'ಸುತ್ತಿ ಹೋಗಲಿ. ಹೋಗ್ತಾ ಇದ್ದಾನಲ್ಲ, ಅಷ್ಟು ಸಾಕು...'

* * *

ನಾಲ್ಕು ತಿಂಗಳ ಮೇಲೆ ಒಂದು ಮಧ್ಯಾಹ್ನ ಆ ಪಿಕಪ್ ಅಂಗಡಿಯ ಮುಂದೆ ನಿಂತಿತು.

ಅವನು ಇಳಿದು ಒಳಗೆ ಬಂದ. ಹತ್ತು ಕಿಲೋ ಇಳಿದಿದ್ದ. ಇಪ್ಪತ್ತು ಎಂದು ಹೇಳುವ ಆಸೆಯಿದೆ, ಆದರೆ ಅವನ ಮುಖ ನೋಡಿದರೆ ಅದಕ್ಕೆ ಬಾಯಿ ಬರುವುದಿಲ್ಲ.

"ಒಂದು ಪ್ರಶ್ನೆ," ಎಂದ. "ಇವತ್ತು ಬೆಳಿಗ್ಗೆ ಫಾರಮ್ಮಿನಲ್ಲಿ ಹಾಲಿನ ವ್ಯಾನ್ ನನ್ನ ಪಕ್ಕ ನಿಂತಿತ್ತು. ಟೈರಿನ ಮೇಲೆ ಬಿಳಿ ಗೆರೆ. ಏನಿದು ಅಂತ ಕೇಳಿದೆ. ಗೇಜಕ್ಕ ಹಾಕ್ತಾರೆ, ಸವೆಯೋ ಅಂಚನ್ನ ದಿನಾ ನೋಡ್ಕೊಳ್ಳೋಕೆ ಅಂದ. ಮೊದಲು ಹಳದಿ ಚುಕ್ಕೆ ಇಡ್ತಿದ್ರು, ನಾಲ್ಕು ತಿಂಗಳಿಂದ ಯಾಕೋ ಬದಲಾಯಿಸಿದ್ರು ಅಂದ."

ಗೇಜಕ್ಕ ಕೈಯಲ್ಲಿದ್ದ ಬಟ್ಟೆಯನ್ನು ಹಿಂಡಿದಳು. ಅದು ಒಣಬಟ್ಟೆಯಾಗಿತ್ತು.

"ನಾನು ಟೈರ್ ಬಿಚ್ಚಿದಾಗ ಆ ಚುಕ್ಕೆ ಹೊರಗಿತ್ತು. ಕಂಪನಿ ಗುರುತು ಅಂದ್ಕೊಂಡೆ. ಈಗ ಮನೆ ಹಿಂದೆ ಹೋಗಿ ನೋಡಿ ಬಂದೆ. ಒಳಗಿದೆ. ಒಳ ಅಂಚನ್ನ ಸವರಿ ನೋಡಿದೆ, ನೀವು ಕಲಿಸಿದ ಹಾಗೇನೇ. ಎರಡು ಥ್ರೆಡ್ ಓರೆ ಇದ್ದಿದ್ರೆ ಗರಗಸದ ಹಲ್ಲು ಇರಬೇಕಿತ್ತು. ಎಲ್ಲೂ ಇಲ್ಲ. ನುಣ್ಣಗಿದೆ." ಅವನ ಧ್ವನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. "ಅಣ್ಣನನ್ನ ಕೊಂದಿದ್ದು ನಾನಾ?"

"ಕೂತ್ಕೊಳ್ಳಿ."

"ನಾನಾ?"

"ಕೂತ್ಕೊಂಡರೆ ಹೇಳ್ತೀನಿ."

ಅವನು ಕೂತ. ಅವಳು ಅವನೆದುರಿಗೆ ನೆಲದ ಮೇಲೆಯೇ ಕೂತಳು. ಮೂಲೆಯ ಕುರ್ಚಿಯಲ್ಲಿದ್ದ ಅಪ್ಪ ಇದ್ದಕ್ಕಿದ್ದಂತೆ ತಮಗೆ ಬೀದಿಯಲ್ಲಿ ಏನೋ ತುರ್ತು ಕೆಲಸವಿದೆಯೆಂದು ಎದ್ದು ಹೋದರು.

"ಟೈರ್ ತಿರುಗಿಸಿದ್ದು ನೀವು. ಅದರಿಂದ ಸವೆದ ಅಂಚು ಕಣ್ಣಿಗೆ ಮರೆಯಾಯ್ತು, ಅದು ನಿಜ. ಚಕ್ರ ಸರಿಯಾಗಿತ್ತು, ಹಾಗಾಗಿ ಎರಡೂ ಅಂಚು ಸಮ ಸವೀತಿದ್ವು. ಮೊದಲೇ ಸವೆದಿದ್ದು ಮೊದಲು ಮುಗೀತು. ಅಷ್ಟು ಸವೆದ ಟೈರನ್ನ ಒಂದು ಚುಕ್ಕೆ ನಂಬಿ ರಸ್ತೆಗೆ ಬಿಟ್ಟಿದ್ದು ನಾನು. ಬಿಚ್ಚಿಸಿಬಿಡಬೇಕಿತ್ತು. ಬಗ್ಗಿ ನೋಡದೇ ಇದ್ದಿದ್ದು ನಿಮ್ಮಣ್ಣ. ಇದು ಪೂರ್ತಿ ಓದು. ಇದರಲ್ಲಿ ಏನೂ ಬಿಟ್ಟಿಲ್ಲ."

ಅವನು ತನ್ನ ಕೈಗಳನ್ನು ತಿರುಗಿಸಿ ನೋಡಿದ.

"ಅವನು ಬಗ್ಗಿ ನೋಡದೇ ಇದ್ದಿದ್ದು ನಾನು ಮಾಡಿದೆ ಅಂತ."

"ಹೌದು."

"ಅವತ್ತೇ ಯಾಕೆ ಹೇಳಲಿಲ್ಲ? ನಾಲ್ಕು ತಿಂಗಳು ನಿಮ್ಮನ್ನ ಬೈಕೊಂಡು ಹೊಟ್ಟೆ ತುಂಬ ಉಂಡೆ. ಕಣ್ಣು ತುಂಬ ನಿದ್ದೆ ಮಾಡಿದೆ. ಅದೆಲ್ಲ ನನಗೆ ಸೇರಿದ್ದಲ್ಲ."

"ಅದಕ್ಕೇ ಹೇಳಲಿಲ್ಲ. ನನ್ನ ಮೇಲೆ ದ್ವೇಷ ಇಟ್ಕೊಂಡರೆ ನೀವು ಉಣ್ತೀರಿ, ಮಲಗ್ತೀರಿ. ನಿಮ್ಮ ಮೇಲೇ ಇಟ್ಕೊಂಡರೆ..." ಅವಳು ಕೈಯಲ್ಲಿದ್ದ ಒಣಬಟ್ಟೆಯನ್ನು ಮಡಿಲಲ್ಲಿಟ್ಟಳು. "ನೀವು ಇರಬೇಕಿತ್ತು. ಎಲ್ಲಾದ್ರೂ ಸರಿ. ಸುತ್ತಿ ಹೋದ್ರೂ ಸರಿ."

ಇದಕ್ಕಿಂತ ದೊಡ್ಡ ಪ್ರೇಮ ನಿವೇದನೆಯನ್ನು ನಾನು ನೂರು ಕಡೆ ಕೇಳಿದ್ದೇನೆ. ಹೂವು, ಚಂದ್ರ, ಏಳೇಳು ಜನ್ಮ ಎಲ್ಲ ಇರುತ್ತಿದ್ದವು. ಒಂದೂ ಇದರ ಹಾಗೆ ಎದೆಗೆ ನಾಟಲಿಲ್ಲ.

ಅವನು ಅವಳ ಕೈ ಹಿಡಿದ. ಗ್ರೀಸು ಮೆತ್ತಿದ ಕೈ. ಹಣೆಗೆ ಒತ್ತಿಕೊಂಡ. ಅವನು ಅತ್ತ. ಅವಳೂ ಅತ್ತಳು, ನಾಲ್ಕು ತಿಂಗಳದ್ದನ್ನೂ ಸೇರಿಸಿ.

"ಅತ್ತಿಗೆಗೆ ಹೇಳ್ಬೇಕು," ಎಂದ ಕೊನೆಗೆ. "ಇವತ್ತೇ. ಒಬ್ಬನೇ ಹೋದರೆ ಬಾಗಿಲಿಂದಲೇ ವಾಪಸ್ ಬಂದ್ಬಿಡ್ತೀನಿ. ನೀವು ಬರ್ತೀರಾ?"

ಹಗಲು ಹೊತ್ತಿನಲ್ಲಿ ಎಂದೂ ಮುಚ್ಚದ ಅಂಗಡಿಯ ಶಟರ್ ಅವತ್ತು ಎರಡು ಗಂಟೆಗೇ ಇಳಿಯಿತು.

* * *

ಅತ್ತಿಗೆಯ ಮನೆ ಮಹಡಿಯ ಮೇಲಿತ್ತು. ಅವಳು ಬಾಗಿಲು ತೆರೆದು, ಇಬ್ಬರನ್ನೂ ನೋಡಿ, ಒಳಗೆ ಕರೆಯಲಿಲ್ಲ. ಚೌಕಟ್ಟಿಗೆ ಒರಗಿ ನಿಂತು ಕೇಳಿದಳು. ಅವನು ಒಂದನ್ನೂ ಮುಚ್ಚಿಡದೆ ಹೇಳಿದ. ಚುಕ್ಕೆ, ಲಿವರ್, ಒಳ ಅಂಚು. ಗೇಜಕ್ಕ ತನ್ನ ಪಾಲನ್ನು ಹೇಳಿದಳು.

ಅತ್ತಿಗೆಯ ಕಣ್ಣು ಒಣಗಿತ್ತು.

"ಒಂದು ಸಲ ಬಗ್ಗಿ ನೋಡ್ಕೊಳ್ಳಿ ಅಂದೆ," ಎಂದಳು. "ಅಷ್ಟೇ ಅಂದಿದ್ದು ನಾನು."

"ಅತ್ತಿಗೆ..."

"ಬೇಡ. ಇವತ್ತು ಏನೂ ಮಾತಾಡ್ಬೇಡ. ಹೋಗು." ಬಾಗಿಲು ಅರ್ಧ ಮುಚ್ಚಿ ನಿಂತಿತು. ಒಳಗಿನಿಂದ ದನಿ ಬಂತು, ಅದರಲ್ಲಿ ಕರುಣೆಯೂ ಇರಲಿಲ್ಲ, ಕೋಪವೂ ಇರಲಿಲ್ಲ. "ನಾಳೆ ಬಾ."

ಚಿಲಕ ಬಿದ್ದಿತು.

ಇಬ್ಬರೂ ಮೆಟ್ಟಿಲ ಮೇಲೆ ಕೂತರು. ಕೆಳಗೆ ಯಾರದೋ ಮನೆಯ ಕುಕ್ಕರ್ ಕೂಗಿ ಸುಮ್ಮನಾಯಿತು.

"ಅವಳು ನನ್ನನ್ನ ಕ್ಷಮಿಸಲ್ಲ," ಎಂದ.

"ಇರಬಹುದು."

"ಸುಳ್ಳಾದ್ರೂ ಕ್ಷಮಿಸ್ತಾಳೆ ಅನ್ನಬಾರದಾ?"

"ಸುಳ್ಳು ಹೇಳೋದು ಬಿಟ್ಟಿದ್ದೀನಿ, ಇವತ್ತಿಂದ." ಅವಳು ಅವನ ಕಡೆ ತಿರುಗಿದಳು. "ಆದ್ರೆ ನಾಳೆ ಬಾ ಅಂದ್ರಲ್ಲ. ಬರಬೇಡ ಅನ್ನಲಿಲ್ಲ."

ಅವನು ಮುಚ್ಚಿದ ಬಾಗಿಲನ್ನು ಒಮ್ಮೆ ತಿರುಗಿ ನೋಡಿದ.

"ನಾಳೆ ನೀವೂ ಬರ್ತೀರಾ, ಗೇಜು?"

"ಅಂಗಡಿ ಮುಚ್ಚಿದ ಮೇಲೆ ಬರ್ತೀನಿ."

"ನಾಳೆಯೂ ಬಾಗಿಲು ಹಾಕಿಕೊಂಡರೆ?"

"ನಾಳಿದ್ದು ಬರೋಣ."

"ಅದರಾಚೆ?"

ಅವಳು ಅವನ ಹೆಗಲಿಗೆ ತಲೆಯಿಟ್ಟಳು. ಕಿವಿಯ ಹಿಂದಿನ ಗೇಜು ಅವನ ಕುತ್ತಿಗೆಗೆ ಚುಚ್ಚಿತು. ಅವನು ಸರಿಯಲಿಲ್ಲ.

"ಅದರಾಚೆಯೂ ಅಂಗಡಿ ಸಂಜೆಗೇ ಮುಚ್ಚೋದು," ಎಂದಳು.